ಮೈನಸ್ ಮೂವತ್ತು

ರಾಬರ್ಟ್‌ಸನ್‌ಪೇಟೆಯ ಸೈಕಲ್ ಅಂಗಡಿಯ ಮೇಲೆ
ಒಂದೇ ಕೋಣೆ.
ಕಿಟಕಿ ತೆರೆದರೆ ಸೈನೈಡ್ ದಿಬ್ಬದ ಧೂಳು,
ಮುಚ್ಚಿದರೆ ಬೆಸುಗೆಯ ಹೊಗೆ.
ಮುಚ್ಚೇ ಇರಲಿ ಅನ್ನುತ್ತಾರೆ ದೊರೈಕಣ್ಣು:
ಹೊಗೆ ನಮ್ಮೊಳಗೆ ಹೋಗುತ್ತೆ,
ಧೂಳು ಕನೆಕ್ಟರಿನೊಳಗೆ.

ಮೇಜಿನ ಮೇಲೆ ಅನಲೈಸರ್,
ನನಗಿಂತ ಹದಿನೆಂಟು ವರ್ಷ ಹಿರಿದು,
ಗುಜರಿ ಹರಾಜಿನಲ್ಲಿ ಕಿಲೋ ಲೆಕ್ಕಕ್ಕೆ ಬಂದದ್ದು.
ಹಸಿರು ಗೆರೆ ನೆಟ್ಟಗೆ ನಿಲ್ಲಲು ಕಾಲು ಗಂಟೆ ಬೇಕು.
ಅಷ್ಟರಲ್ಲಿ ನಾನು ಟೀ ತಂದಿರುತ್ತೇನೆ.

ಸೇರಿದ ದಿನ ಅವರು ಕೇಳಿದ್ದು ಒಂದೇ:
"ಸೊನ್ನೆ ಅಂದ್ರೆ ಎಷ್ಟಮ್ಮ, ಗಂಗರತ್ನ?"
"ಏನೂ ಇಲ್ಲ, ಸರ್."
"ಅಲ್ಲೇ ನೋಡು ಸುಡೋದು.
ಇಲ್ಲಿ ಸೊನ್ನೆ ಅಂದ್ರೆ ಒಂದು ಮಿಲಿವ್ಯಾಟ್.
ಏನೂ ಇಲ್ಲ ಅನ್ನೋದನ್ನ
ಈ ಡಯಲಿನಲ್ಲಿ ಎಲ್ಲೂ ಬರೆದಿಲ್ಲ.
ಮೂರು ಏರಿದ್ರೆ ಎರಡರಷ್ಟು,
ಹತ್ತು ಏರಿದ್ರೆ ಹತ್ತರಷ್ಟು.
ಬೆರಳು ಒಂದು ಗೆರೆ ದಾಟುತ್ತೆ, ಅಷ್ಟೇ.
ಒಳಗೆ ಕಟ್ಟೆ ಒಡೆಯುತ್ತೆ."

ಅನಲೈಸರಿನ ಬಾಯಿಯ ಹಿಂದೆ
ರಾಗಿಕಾಳಿಗಿಂತ ಸಣ್ಣ ಹರಳು,
ಅದರ ಮೇಲೆ ತುದಿಗಾಲಲ್ಲಿ ನಿಂತ
ಕೂದಲೆಳೆಯಂಥ ತಂತಿ.
"ಕೊಡ ಎತ್ತಿ ಕೂಸಿನ ಬಾಯಿಗೆ ಸುರೀತಾರಾ?
ಒಳಲೆ ಬೇಕು."
ಅಂದಿನಿಂದ ನಮ್ಮಲ್ಲಿ
ಹೆಬ್ಬೆರಳುದ್ದದ ಆ ಇಪ್ಪತ್ತು ಡಿಬಿ ಪ್ಯಾಡಿಗೆ
ಒಳಲೆ ಎಂದೇ ಹೆಸರು.

ಮಾರ್ಚ್ ತಿಂಗಳ ಶುಕ್ರವಾರ.
ಹೋದ ಕರೆಂಟು ಮೂರಕ್ಕೆ ಬಂತು,
ಕೋಲಾರದ ಕಾಲೇಜಿನವರು ಸೋಮವಾರ ಬರುವವರು,
ನನ್ನ ಬಂಗಾರಪೇಟೆ ರೈಲು ಐದೂವರೆಗೆ.
ಒಳಲೆ ಅವರ ಅಂಗಿಯ ಜೇಬಿನಲ್ಲಿ,
ಅವರು ಪಿಂಚಣಿ ಬ್ಯಾಂಕಿನ ಸಾಲಿನಲ್ಲಿ.
ಜನರೇಟರಿನ ಡಯಲು ಹೇಳುತ್ತಿತ್ತು: ಮೈನಸ್ ಮೂವತ್ತು.
ಮಿಲಿವ್ಯಾಟಿನ ಸಾವಿರದ ಒಂದು ಪಾಲು.
ಇಷ್ಟಕ್ಕೆ ಒಳಲೆ ಯಾಕೆ?
ಕೇಬಲ್ ತಿರುಗಿಸಿದೆ.

ಸದ್ದಿಲ್ಲ. ವಾಸನೆಯಿಲ್ಲ.
ಫ್ಯೂಸಾದರೂ ಹಾರಬಾರದಿತ್ತೆ?
ಏಳಬೇಕಿದ್ದ ಗೆರೆ ಒಮ್ಮೆ ಚಿಮ್ಮಿ
ಹುಲ್ಲಿನೊಳಗೆ ಮಲಗಿತು.

ಆಮೇಲೆ ತಿಳಿಯಿತು.
ನಾಬಿನ ಸಣ್ಣ ತಿರುಪು ಸಡಿಲ.
ನನ್ನ ಬೆರಳಿಗೆ ನಾಬ್ ತಿರುಗಿತ್ತು,
ಒಳಗಿನ ದಂಡ ತಿರುಗಿರಲಿಲ್ಲ.
ಅದು ಪ್ಲಸ್ ಇಪ್ಪತ್ತರಲ್ಲೇ
ಯಾರೋ ಬಿಟ್ಟುಹೋದ ಕಡೆ ನಿಂತಿತ್ತು.
ಕಾಗದದಲ್ಲಿ ಲೆಕ್ಕ ಹಾಕಿದೆ, ಅಳಿಸಿ ಮತ್ತೆ ಹಾಕಿದೆ:
ಲಕ್ಷಪಟ್ಟು.

ಬೈಯುತ್ತಾರೆ ಅಂದುಕೊಂಡೆ.
ಗಣಿಯ ವೈಂಡಿಂಗ್ ಎಂಜಿನ್ ಪಕ್ಕ
ಇಪ್ಪತ್ತಾರು ವರ್ಷ ದುಡಿದ ಗಂಟಲು,
ಮಾತಾಡಿದರೆ ಮಾರ್ಕೆಟ್ಟಿನ ಆ ತುದಿಗೂ ಕೇಳುತ್ತೆ.
ಅವರು ಬಂದರು, ಚಪ್ಪಲಿ ಬಿಟ್ಟರು,
ಗೆರೆ ನೋಡಿದರು, ನನ್ನನ್ನು ನೋಡಲಿಲ್ಲ.
ಮೊದಲು ನಾಬಿನ ತಿರುಪು ಬಿಗಿದರು.
ಆಮೇಲೆ ಎಡಗೈಯ ನಾಲ್ಕು ಬೆರಳೆತ್ತಿ
ಮೆಲ್ಲಗೆ ಅಂದರು: "ನಂದು ಇಷ್ಟು."

ಹಾರ್ಲಿಕ್ಸ್ ಬಾಟಲಿಯ ತಳದಿಂದ
ಬಂದೂಕಿನ ಗುಂಡಿನಂಥ ಸೀಸದ ಕೊಳವೆ ತೆಗೆದರು.
ಅದರೊಳಗೆ ಡಯೋಡು.
"ಕೊನೇದು. ನೀನೇ ಹಾಕು."

ನೈಲಾನ್ ದುಪಟ್ಟಾ ಬಾಗಿಲಿಗೆ ನೇತುಹಾಕಿದೆ.
ಬರಿಗಾಲಲ್ಲಿ ನಿಂತು ಮೊದಲು ಚಾಸಿ ಮುಟ್ಟಿದೆ,
ಮೈಯಲ್ಲಿದ್ದ ಮಾರ್ಚ್ ತಿಂಗಳು ಇಳಿದುಹೋಗಲಿ ಎಂದು.
ಉಸಿರು ಬಿಗಿಹಿಡಿದು ಕೂರಿಸಿದೆ.
ಜನರೇಟರನ್ನು ಪವರ್ ಮೀಟರಿಗೆ ಕೊಟ್ಟು ಅಳೆದೆ.
ಮತ್ತೊಮ್ಮೆ ಅಳೆದೆ.
ಅವರ ಜೇಬಿನ ಬಿಸಿ ಇನ್ನೂ ಆರದ ಒಳಲೆ ಹಾಕಿದೆ.
ಅನಲೈಸರಿನ ತಡೆಯೆಲ್ಲ ಮುಚ್ಚಿ,
ಹತ್ತು ಹತ್ತಾಗಿ ಬಿಚ್ಚಿದೆ.

ಐದೂವರೆ ರೈಲು ಕೂಗಿ ಹೋಯಿತು.
ಹುಲ್ಲಿನೊಳಗಿಂದ ಒಂದು ಎಸಳು
ಉಳಿದವಕ್ಕಿಂತ ತುಸು ಎತ್ತರ ನಿಂತಿತು.
ದೊರೈಕಣ್ಣು ಕನ್ನಡಕ ಒರೆಸಿಕೊಂಡು
ಇನ್ನೂ ಹತ್ತು ಬಿಚ್ಚು ಅನ್ನಲಿಲ್ಲ,
ನಾನೂ ಕೇಳಲಿಲ್ಲ.

ಕೆಳಗೆ ಯಾರೋ ಸೈಕಲ್ಲಿಗೆ
ದಬದಬ ಗಾಳಿ ಹೊಡೆಯುತ್ತಿದ್ದ.
ಇನ್ನೊಬ್ಬ ಟೈರು ಒತ್ತಿ ಒತ್ತಿ ನೋಡುತ್ತ
ಕೂಗುತ್ತಲೇ ಇದ್ದ:
ಸಾಕು, ಸಾಕು, ಸಾಕು ಕಣೋ.